ಹೆಣದ ಪಾತ್ರಕ್ಕೆ ಅಜ್ಜಿ

ಚಳಿಗಾಲ ಬಂತೆಂದು ಈ ದೇಶದವರು ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ವಾರ ಅದು. ಶುಕ್ರವಾರ, ಬೆಳಗಿನ ಏಳು ಗಂಟೆ ಇರಬೇಕು. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಸ್ನಾನ ಮುಗಿಸಿ ಬಂದು ನೋಡಿದರೆ ದೇವರ ಮುಂದೆ ದೀಪವಿಲ್ಲ. ನಾನು ಹೊಸೆದಿಟ್ಟ ಬತ್ತಿ ಡಬ್ಬಿಯಲ್ಲಿ ಹಾಗೇ ಇತ್ತು.

ನನ್ನ ಸೊಸೆ ಶೈಲಜಾ ಶುಕ್ರವಾರ ದೀಪ ತಪ್ಪಿಸುವವಳಲ್ಲ. ಈಸ್ಟ್ ಬ್ರನ್ಸ್‌ವಿಕ್‌ನ ಈ ಮನೆಗೆ ಬಂದ ದಿನ ಸಾಮಾನೆಲ್ಲ ಪೆಟ್ಟಿಗೆಯಲ್ಲೇ ಇತ್ತು. ಆಗಲೂ ಬರಿಯ ಸ್ಟೀಲ್ ಬಟ್ಟಲಿನಲ್ಲಿ ಎಣ್ಣೆ ಹಾಕಿ ಹಚ್ಚಿದ್ದಳು.

“ದೀಪ ಹಚ್ಚಲಿಲ್ವೇನೆ ಶೈಲಜಾ?”

“ಸ್ಮೋಕ್ ಅಲಾರ್ಮ್ ಸರಿಯಿಲ್ಲ ಅತ್ತೆ. ಒಂಚೂರು ಹೊಗೆ ಆದ್ರೂ ಕೂಗತ್ತೆ. ರಿಪೇರಿಯವ್ರು ಬರೋವರೆಗೂ ಬೇಡ.”

ನನ್ನ ಮುಖ ನೋಡದೆ ಹೇಳಿದಳು. ಮಧ್ಯಾಹ್ನದ ಸಾರಿಗೆ ಒಗ್ಗರಣೆ ಇರಲಿಲ್ಲ. ಅದಕ್ಕೂ ಅಲಾರ್ಮೇ ಕಾರಣ. ಮಾರನೆಯ ದಿನ ಮಗ ಗಣಪತಿ ಬ್ರೆಡ್ ಸೀಯಿಸಿ ಅಡುಗೆಮನೆ ತುಂಬ ಹೊಗೆ ಎಬ್ಬಿಸಿದ. ಅಲಾರ್ಮ್ ತುಟಿಪಿಟಕ್ಕೆನ್ನಲಿಲ್ಲ. ನಾನೂ ಎನ್ನಲಿಲ್ಲ.

ದೀಪವಿಲ್ಲ, ಒಗ್ಗರಣೆಯಿಲ್ಲ ಎಂದರೆ ನಮ್ಮಲ್ಲಿ ಅರ್ಥ ಒಂದೇ. ಮನೆಗೆ ಸೂತಕ. ನಮ್ಮ ಕುಲದವರು ಯಾರೋ ತೀರಿಕೊಂಡಿದ್ದಾರೆ. ಹಿರಿಯ ಎಂದು ಉಳಿದಿದ್ದವನು ಒಬ್ಬನೇ, ಮೈಸೂರಿನ ನನ್ನ ಮೈದುನ ಬದರಿ.

ನಾನು ಸೊಸೆಯಾಗಿ ಹೋದಾಗ ಅವನಿಗೆ ಇನ್ನೂ ಹಾಲುಹಲ್ಲು. ಅತ್ತೆ ಹಾಸಿಗೆ ಹಿಡಿದಿದ್ದರು. ನನ್ನ ಜಡೆಯ ತುದಿ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದ. ಸ್ಕೂಲಿಗೆ ಸೇರಿದ ಮೇಲೆ ತನ್ನ ಸ್ಲೇಟಿನ ಮೇಲೆ ನನಗೆ ನನ್ನ ಹೆಸರು ಬರೆಯಲು ಕಲಿಸಿದವನೂ ಅವನೇ. ನಾನು ಇಲ್ಲಿಗೆ ಬಂದ ಮೇಲೆ ಒಂದು ಭಾನುವಾರವೂ ಬಿಡದೆ ಫೋನ್ ಮಾಡಿ, “ಅತ್ತಿಗೆ, ಊಟ ಆಯ್ತಾ?” ಎನ್ನುತ್ತಿದ್ದ.

ಆ ಭಾನುವಾರ ಫೋನ್ ಬರಲಿಲ್ಲ.

“ಚಿಕ್ಕಪ್ಪ ಕಾಶಿ ಟೂರ್ ಹೋಗಿದಾರಮ್ಮ,” ಎಂದ ಗಣಪತಿ. “ಅಲ್ಲಿ ಸಿಗ್ನಲ್ ಇಲ್ಲ.”

“ಕಾಶೀಲಿ ಸಿಗ್ನಲ್ ಇಲ್ವೇನೋ?”

“ದೋಣಿ ಮೇಲೆ ಇರಲ್ಲ.”

“ಮೂರು ಹೊತ್ತೂ ದೋಣೀಲೇ ಕೂತಿರ್ತಾನಾ? ಅದಿರ್ಲಿ, ಗಡ್ಡ ಯಾಕೋ ಬಿಟ್ಟಿದೀಯ?”

“ಇದಾ? ನೋ ಶೇವ್ ನವೆಂಬರ್ ಅಮ್ಮ. ಆಫೀಸಲ್ಲಿ ಎಲ್ರೂ ಬಿಟ್ಟಿದಾರೆ.”

ಆಗಸ್ಟಿನಲ್ಲಿ ನನ್ನ ಎದೆಗೆ ಸ್ಟೆಂಟ್ ಹಾಕಿದ್ದರು. ಆಘಾತವಾಗುವಂಥದ್ದು ಹೇಳಬೇಡಿ ಎಂದು ಡಾಕ್ಟರು ಇವರಿಗೆ ಹೇಳಿದ್ದು ನನಗೆ ಗೊತ್ತು. ಒತ್ತಾಯ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳದಿರುವವರೆಗೆ ಅವನು ನಿಜವಾಗಿಯೂ ದೋಣಿಯ ಮೇಲೆ ಕೂತಿರಬಹುದಲ್ಲ.

ಮೊಮ್ಮಗಳು ಧೃತಿ ಕಾಲೇಜಿನಲ್ಲಿ ಸಿನಿಮಾ ಓದುತ್ತಾಳೆ. ಅವಳಿಗೆ ಇಂಗ್ಲೆಂಡಿನ ಒಂದು ಜಾತಿಯ ಸಿನಿಮಾಗಳ ಹುಚ್ಚು. ಒಂದು ಮನೆಯಲ್ಲಿ ಸಾವು. ಕರಿ ಬಟ್ಟೆ ತೊಟ್ಟು ನೆಂಟರೆಲ್ಲ ಬರುತ್ತಾರೆ. ಟೀ ಕುಡಿಯುತ್ತ ಮೆಲ್ಲಗೆ ಮಾತಾಡುತ್ತಾರೆ. ಸ್ವಲ್ಪ ಹೊತ್ತಿಗೆ ಜಗಳ ಹತ್ತಿ, ಪೆಟ್ಟಿಗೆ ಮಗುಚಿ ಹೆಣ ನೆಲದ ಮೇಲೆ. ನೋಡುವವರು ನಗಬೇಕು. ನನಗೆ ಭಾಷೆ ಬರುವುದಿಲ್ಲ, ಪಕ್ಕದಲ್ಲಿ ಕೂತು ಮುಖ ನೋಡುತ್ತೇನೆ. ಎಲ್ಲರಿಗಿಂತ ಮೆಲ್ಲಗೆ ಮಾತಾಡುವವನೇ ಏನೋ ಮುಚ್ಚಿಟ್ಟವನು, ಪ್ರತಿ ಸಲವೂ. ಆ ವಾರ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಹಳ ಮೆಲ್ಲಗೆ ಮಾತಾಡುತ್ತಿದ್ದರು.

ಅಂಥದೇ ಒಂದು ಸಣ್ಣ ಸಿನಿಮಾ ತಾನೂ ಮಾಡಬೇಕೆಂದು, ಹೆಣದ ಪಾತ್ರಕ್ಕೆ ಧೃತಿ ನನ್ನನ್ನು ಹಿಂದಿನ ತಿಂಗಳೇ ಒಪ್ಪಿಸಿದ್ದಳು. ಆಗ ಶೈಲಜಾ ಬಿದ್ದುಬಿದ್ದು ನಕ್ಕಿದ್ದಳು. ಈಗ ಕೆಂಡವಾದಳು.

“ಬೇಡ ಅಂದ್ರೆ ಬೇಡ ಧೃತಿ. ಅಪಶಕುನ.”

“ಅಮ್ಮಾ, ಮಂಡೇ ಸಬ್ಮಿಟ್ ಮಾಡ್ಬೇಕು! ಲಾಸ್ಟ್ ಮಂತ್ ಓಕೆ ಅಂದಿದ್ದೆ. ವಾಟ್ ಚೇಂಜ್ಡ್?”

ಶೈಲಜಾ ಬಾಯಿ ತೆರೆದು, ನನ್ನ ಕಡೆ ನೋಡಿ, ಮುಚ್ಚಿದಳು. ಮಗುವಿಗೂ ಹೇಳಿಲ್ಲ ಎಂದು ಆಗ ತಿಳಿಯಿತು.

“ನಾನು ಮಲಗ್ತೀನಿ ಬಿಡೆ,” ಎಂದೆ.

ಮುಂದಿನ ಶನಿವಾರ ಮಧ್ಯಾಹ್ನ ಹಾಲ್‌ನಲ್ಲಿ ಸೋಫಾ ಸರಿಸಿ ಚಾಪೆ ಹಾಸಿದರು. ಧೃತಿಯ ಗೆಳೆಯ ಡೇನಿಯಲ್ ಕ್ಯಾಮೆರಾ ನಿಲ್ಲಿಸಿದ. ನಾನೇ ತಲೆಯನ್ನು ದಕ್ಷಿಣಕ್ಕೆ ಮಾಡಿ ಮಲಗಿದೆ. ಹತ್ತಿ ಕೇಳಿದೆ.

“ಹತ್ತಿ ಬೇಡ ಅತ್ತೆ!” ಎಂದಳು ಶೈಲಜಾ.

“ಹತ್ತಿ ಇಲ್ದೆ ಯಾರು ನಂಬ್ತಾರೆ, ನಿದ್ದೆ ಮಾಡ್ತಿದಾಳೆ ಅಂತಾರೆ,” ಎಂದು ದೀಪಕ್ಕೆ ಹೋಗದೆ ಉಳಿದಿದ್ದ ಬತ್ತಿಯನ್ನೇ ಬಿಡಿಸಿ ಮೂಗಿಗೆ ಇಟ್ಟುಕೊಂಡೆ.

“ಅಜ್ಜಿ, ಡೋಂಟ್ ಬ್ರೀದ್. ಹೊಟ್ಟೆ ಅಲ್ಲಾಡ್ತಿದೆ.”

“ಇನ್ನೂ ಅಭ್ಯಾಸ ಆಗಿಲ್ಲ ಕಣೆ, ಸ್ವಲ್ಪ ತಾಳು.”

ಮೊದಲು ಶೈಲಜಾಳ ಸರದಿ. “ಗ್ರೈಂಡರ್ ನಂಗೇ ಅಂತ ಅತ್ತೆ ಬಾಯ್ಬಿಟ್ಟು ಹೇಳಿದ್ರು,” ಎಂದು ಜಗಳ ತೆಗೆಯಬೇಕು. ಜಗಳವನ್ನೂ ಕ್ಷಮೆ ಕೇಳುವಂತೆ ಹೇಳಿದಳು. ಆಮೇಲೆ ಗಣಪತಿ ನನ್ನ ತಲೆಯ ಬಳಿ ಕೂತು ಅಳಬೇಕು. ಮಾತು ಬರೆದವಳು ಧೃತಿ: “ಇನ್ನು ಭಾನುವಾರ ಯಾರು ಫೋನ್ ಮಾಡ್ತಾರೆ?”

ಮೊದಲ ಸಲ ಅವನು ವರದಿ ಓದಿದ ಹಾಗೆ ಓದಿದ.

“ಕಟ್! ಅಪ್ಪಾ, ಜಿಪಿಎಸ್ ಥರ ಹೇಳ್ತಿದೀಯ. ಲೆಫ್ಟ್ ಟರ್ನ್ ತಗೊಳ್ಳಿ ಅಂದಂಗಿದೆ. ಫೀಲ್ ಇಟ್!”

ಎರಡನೆಯ ಸಲ ‘ಭಾನುವಾರ’ ಎಂದವನು ನಿಂತ. ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದೆ. ಮೂಗಿನಲ್ಲಿ ಉಸಿರೆಳೆದ. ಒಮ್ಮೆ ಬಿಕ್ಕಿದ. ಆಮೇಲೆ ದನಿ ಬಂತು. ಅವರಪ್ಪ ಹೋದ ದಿನ ಜಗಲಿಯ ಕಂಬ ಹಿಡಿದುಕೊಂಡು ಅತ್ತದ್ದೂ ಇದೇ ಕ್ರಮದಲ್ಲಿ. ಕಲಿಸಿದರೆ ಬರುವಂಥ ಅಳುವಲ್ಲ ಇದು.

“ಅಮೇಜಿಂಗ್,” ಎಂದು ಧೃತಿ ಪಿಸುಗುಟ್ಟಿದಳು.

ನಾನು ಕಣ್ಣು ತೆರೆಯಲಿಲ್ಲ. “ಬದರೀನಾ?” ಎಂದೆ.

 

“ಅಜ್ಜಿ, ದಟ್ಸ್ ನಾಟ್ ಇನ್ ದ ಸ್ಕ್ರಿಪ್ಟ್…”

“ನೀನು ಸುಮ್ನಿರು ಮಗು. ಗಣಪತಿ, ನಾನು ಸತ್ತು ಮಲಗಿದೀನಿ. ಇನ್ನು ನನಗೆ ಏನಾಗತ್ತೆ? ಹೇಳು.”

“ಹೂಂ ಅಮ್ಮ. ಚಿಕ್ಕಪ್ಪ… ನಿದ್ದೇಲೇ ಹೋದ್ರು. ಸಾಗರ್ ಎಲ್ಲಾ ಮಾಡ್ತಿದಾನೆ. ವೈಕುಂಠ ಸಮಾರಾಧನೆ ಮುಗೀಲಿ, ಆಮೇಲೆ ಹೇಳೋಣ ಅಂತ…”

ಸಾಗರ್ ಬದರಿಯ ಮಗ. ಸದ್ಯ, ಮಾಡುವವನು ಇದ್ದಾನೆ.

ಡೇನಿಯಲ್‌ಗೆ ಮಾತು ತಿಳಿಯದು. ಆದರೂ ಕ್ಯಾಮೆರಾ ಆಫ್ ಮಾಡಿ ಟೋಪಿ ತೆಗೆದ. ಧೃತಿ ಅಪ್ಪನನ್ನೂ ಅಮ್ಮನನ್ನೂ ನೋಡುತ್ತ, “ಯೂ ಗೈಸ್ ನ್ಯೂ? ನಿಮ್ಗೆ ಗೊತ್ತಿತ್ತಾ?” ಎಂದು ಅಳತೊಡಗಿದಳು.

ನಾನು ಎದ್ದು ಕೂತು ಹತ್ತಿ ತೆಗೆದೆ. “ಸುಳ್ಳನ್ನಾದ್ರೂ ಪೂರ್ತಿ ಹೇಳಬಾರದಾಗಿತ್ತೇನೆ ಶೈಲಜಾ? ಕಾಶಿಗೂ ಕಳಿಸಿದ್ರಿ, ಒಗ್ಗರಣೇನೂ ಬಿಟ್ರಿ.”

“ಬಾಯಲ್ಲಿ ಸುಳ್ಳು ಹೇಳಿದ್ವಿ ಅತ್ತೆ. ಸೂತಕಾನೂ ಹಿಡೀದಿದ್ರೆ ಚಿಕ್ಕಮಾವ ನಮಗೆ ಯಾರೂ ಅಲ್ಲ ಅಂದಂಗೆ ಆಗ್ತಿತ್ತು. ಅದು ಮಾತ್ರ ನನ್ನ ಕೈಲಿ ಆಗ್ಲಿಲ್ಲ.”

ಅವಳ ಮೇಲೆ ಸಿಟ್ಟು ಮಾಡಲು ಬರಲಿಲ್ಲ. ಕೇಳಿದ ಗಳಿಗೆಯಿಂದ ನನಗೂ ಸೂತಕ. ಎದ್ದು ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡೆ. ನಲ್ಲಿಯ ಸದ್ದಿನಲ್ಲಿ ಒಬ್ಬಳೇ, ಮನಸಾರೆ ಅತ್ತೆ. ಎದೆಗೆ ಏನೂ ಆಗಲಿಲ್ಲ. ಹೊರಗೆ ಬಂದಾಗ ಶೈಲಜಾ ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನನ್ನ ಜಡೆಯ ತುದಿ ಹಿಡಿದು ಒರೆಸಿದಳು.

ಆ ಶನಿವಾರ ಮಧ್ಯಾಹ್ನದವರೆಗೆ ಅವನು ನನ್ನ ಪಾಲಿಗೆ ದೋಣಿಯ ಮೇಲೇ ಇದ್ದ. ಬದರಿ ಹೋದದ್ದು ಅದರ ಹಿಂದಿನ ವಾರ, ಶುಕ್ರವಾರ.