ಚಳಿಗಾಲದ ಡೀಸೆಲ್

ಕೊಕ್-ಬೆಲ್ ಕಣಿವೆದಾರಿಯ ಏಳನೆಯ ತಿರುವಿನಲ್ಲಿ ಝಿಪಾರಳ ಟ್ರಕ್ಕು ಒಮ್ಮೆ ಕೆಮ್ಮಿತು, ಎರಡು ಮಾರು ಎಳೆದಾಡಿತು, ಸುಮ್ಮನಾಯಿತು.

ಅವಳು ಕೆಳಗಿಳಿದು ಫಿಲ್ಟರಿನ ಬಟ್ಟಲು ಬಿಚ್ಚಿದಳು. ಒಳಗೆ ಎಣ್ಣೆಯಿರಲಿಲ್ಲ. ತಣ್ಣಗಾದ ಕುರಿ ಸಾರಿನ ಮೇಲೆ ಕಟ್ಟುವ ಕೊಬ್ಬಿನಂಥದ್ದು, ಬೆಳ್ಳಗೆ, ಬೆರಳಿಗೆ ಮೆತ್ತಿಕೊಳ್ಳುವಂಥದ್ದು ತುಂಬಿಕೊಂಡಿತ್ತು. ಗಾಳಿ ಮುಖದ ಚರ್ಮ ಸುಲಿಯುತ್ತಿತ್ತು. ಆದರೂ ಅವಳು ಆ ಬಟ್ಟಲನ್ನೇ ನೋಡುತ್ತ ನಿಂತಳು. ಇದು ಬೇಸಿಗೆಯ ಡೀಸೆಲ್. ಇದರಲ್ಲಿ ಎರಡನೆಯ ಮಾತಿಲ್ಲ.

ಪೆಟ್ರೋಲಿಗೆ ಕಿಡಿ ಬೇಕು, ಡೀಸೆಲ್ಲಿಗೆ ಬೇಡ. ಸಿಲಿಂಡರಿನಲ್ಲಿ ಗಾಳಿಯನ್ನು ಹಿಂಡಿ ಹಿಂಡಿ ಕೆಂಡದಷ್ಟು ಕಾಯಿಸಿ, ಆ ಕಾವಿಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಎಣ್ಣೆ ಅಲ್ಲಿಯವರೆಗೆ ಹರಿದು ಬರಬೇಕಲ್ಲ! ಡೀಸೆಲ್ಲಿನೊಳಗೆ ಮೇಣ ಅಡಗಿರುತ್ತದೆ. ಚಳಿಗಾಲದ ಡೀಸೆಲ್ಲಿನಲ್ಲಿ ಆ ಮೇಣ ಕಡಿಮೆ. ಬೇಸಿಗೆಯದು ಚಳಿ ತಾಗಿದೊಡನೆ ಮೊದಲು ಮೋಡ ಕಟ್ಟುತ್ತದೆ, ಆಮೇಲೆ ಹೆಪ್ಪುಗಟ್ಟುತ್ತದೆ. ಇದನ್ನೆಲ್ಲ ಅವಳಿಗೆ ಕಲಿಸಿದವನು ಮಾಮಿರ್ ಬೈಕೆ. ಬೈಕೆ ಎಂದರೆ ಅಣ್ಣ. ಒಡಹುಟ್ಟಿದವನಲ್ಲದಿದ್ದರೂ ಗಂಡ ಸತ್ತ ವರ್ಷ ಅವಳ ಕೈಗೆ ಸ್ಟಿಯರಿಂಗ್ ಕೊಟ್ಟವನು ಅವನೇ. ಬಾಟಲಿಯ ಪರೀಕ್ಷೆ ಹೇಳಿಕೊಟ್ಟವನೂ ಅವನೇ. ಡಿಪೋದಲ್ಲಿ ತುಂಬಿಸಿದ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಿಡಿದು ಹೊರಗೆ ಹಿಮದಲ್ಲಿ ನಿಲ್ಲಿಸುವುದು. ಅದು ತಿಳಿಯಾಗೇ ಉಳಿದರೆ ಮಾತ್ರ ಕಣಿವೆದಾರಿ ಹತ್ತುವುದು.

ಇವತ್ತು ಅವಳು ಬಾಟಲಿ ನಿಲ್ಲಿಸಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಇದೇ ದಾರಿಯಲ್ಲಿ ಅಣ್ಣ ತಮ್ಮ ಇಬ್ಬರು ಕ್ಯಾಬಿನ್ನಿನಲ್ಲೇ ಮರಗಟ್ಟಿ ಸತ್ತರು. ಈ ಟ್ರಕ್ಕುಗಳೆಲ್ಲ ದುಡಿಯುವ ಗಣಿಯ ಯಜಮಾನರು ಅವರಿಗೆ ಕೊಟ್ಟಿದ್ದು ಅಗ್ಗದ ಬೇಸಿಗೆ ಎಣ್ಣೆ. ಸತ್ತವರ ಮೇಲೆಯೇ ‘ಅಜಾಗರೂಕತೆ’ ಎಂದು ಬರೆದು ಕಡತ ಮುಚ್ಚಿದರು. ಅದಕ್ಕೇ ಈ ಸಲ ಚಾಲಕರೆಲ್ಲ ಕೂಡಿ ಚಳಿಗಾಲದ ಡೀಸೆಲ್ ಕೊಡದೆ ಚಕ್ರ ಉರುಳಿಸುವುದಿಲ್ಲ ಎಂದು ಹನ್ನೊಂದು ದಿನ ಕುಳಿತಿದ್ದರು. ಮುಂದಾಳು ಮಾಮಿರ್ ಬೈಕೆ. ಇವತ್ತು ಬೆಳಿಗ್ಗೆ ಅವನು ಡಿಪೋದ ಕಚೇರಿಯಿಂದ ಹೊರಬಂದು ಟೋಪಿ ಎತ್ತಿ ಬೀಸಿದ್ದ. ಗೆದ್ದೆವು!

ಟ್ಯಾಂಕು ತುಂಬಿಸಿಕೊಂಡು ಝಿಪಾರ್ ಬಾಟಲಿ ಹೊರತೆಗೆದಾಗ ಅವನು ಪಕ್ಕಕ್ಕೆ ಬಂದು ನಿಂತಿದ್ದ.

“ಏನಮ್ಮಾ, ನನಗೇ ಪರೀಕ್ಷೆನಾ?”

“ಅಯ್ಯೋ ಬೈಕೆ, ನಿಮಗಲ್ಲ, ಡಿಪೋದವ್ರಿಗೆ.”

“ಡಿಪೋದವ್ರ ಜೊತೆ ಮಾತಾಡಿ ಬಂದಿರೋನು ನಾನು ತಾನೇ? ನೋಡು, ಈ ಹುಡುಗ್ರು ಎಲ್ಲಾರೂ ನಿನ್ನೇ ನೋಡ್ತಾ ಇದ್ದಾರೆ. ನೀನು ಬಾಟ್ಲಿ ಇಟ್ರೆ ಅವ್ರೂ ಇಡ್ತಾರೆ, ಮಧ್ಯಾಹ್ನ ಆಗುತ್ತೆ, ಯಜಮಾನ್ರು ಮತ್ತೆ ಮಾತು ತಿರುಗಿಸ್ತಾರೆ. ಮೊದ್ಲು ನೀನು ಹೊರಡು.” ಜೇಬಿನಿಂದ ರೊಟ್ಟಿ ತೆಗೆದು ಮುರಿದು ಅರ್ಧ ಅವಳ ಕೈಗಿಟ್ಟಿದ್ದ. “ಸುಳ್ಳಾದ್ರೆ ಈ ರೊಟ್ಟಿ ನನ್ನ ಹೊಡೀಲಿ.”

ರೊಟ್ಟಿಯ ಮೇಲೆ ಆಣೆ ಇಟ್ಟವನ ಎದುರು ಬಾಟಲಿ ಹಿಡಿಯುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ. ಅವಳು ಖಾಲಿ ಬಾಟಲಿಯನ್ನು ಸೀಟಿನ ಕೆಳಗೆ ತಳ್ಳಿದಳು. ಹದಿನೆಂಟು ಮಂದಿ ಅದನ್ನು ನೋಡಿದರು. ಒಬ್ಬನಾದರೂ ಬಾಟಲಿ ತೆಗೆಯಲಿಲ್ಲ.

ಆ ಹದಿನೆಂಟು ಟ್ರಕ್ಕುಗಳು ಈಗ ಒಂದರ ಹಿಂದೊಂದು ಹತ್ತಿ ಬರುತ್ತಿವೆ. ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಕೆಳಗೆ ರಸ್ತೆ ಕೆಲಸದವರ ಗುಡಿಸಲಿದೆ, ಅಲ್ಲಿ ಒಲೆಯಿದೆ, ಟ್ರಕ್ಕು ತಿರುಗಿಸಲು ಜಾಗವಿದೆ. ಅದನ್ನು ದಾಟಿ ಮೇಲೆ ಬಂದರೆ ಎಲ್ಲರ ಎಂಜಿನ್ನೂ ಹೀಗೇ ನಿಲ್ಲುತ್ತದೆ. ಸಂಜೆಗೆ ಈ ಗಾಳಿ ಯಾರನ್ನೂ ಉಳಿಸುವುದಿಲ್ಲ.

ನೀರು ಹೆಪ್ಪುಗಟ್ಟಿ ಎಂಜಿನ್ನಿನ ಬ್ಲಾಕು ಸೀಳದಿರಲೆಂದು ರೇಡಿಯೇಟರ್ ಖಾಲಿ ಮಾಡಿದಳು. ನೀರು ಹೊಗೆಯಾಡುತ್ತ ನೆಲಕ್ಕೆ ಬಿದ್ದು ಸ್ವಲ್ಪದರಲ್ಲೇ ಗಾಜಾಯಿತು. ಸೀಟಿನ ಕೆಳಗಿನ ಬಾಟಲಿ ತೆಗೆದು, ಟ್ಯಾಂಕಿನ ತಳದಿಂದ ಅಂಬಲಿಯಂಥ ಎಣ್ಣೆ ಹಿಡಿದು ಹಿಮದಲ್ಲಿ ನಿಲ್ಲಿಸಿದಳು. ಹಾಲಿನಷ್ಟು ಬೆಳ್ಳಗಿತ್ತು.

ಆಗ ತಿರುವಿನಲ್ಲಿ ಎಂಜಿನ್ನಿನ ಸದ್ದು ಕೇಳಿತು. ಮಾಮಿರ್ ಬೈಕೆಯ ಟ್ರಕ್ಕು. ಮುಗ್ಗರಿಕೆಯಿಲ್ಲ, ಕೆಮ್ಮಿಲ್ಲ, ಹೊಟ್ಟೆ ತುಂಬಿದ ಎತ್ತಿನಂತೆ ಗುರುಗುಟ್ಟುತ್ತ ಬಂದು ನಿಂತಿತು. ಅದೇ ಡಿಪೋದ ಎಣ್ಣೆ, ಅದೇ ಗಾಳಿ.

“ಏನಾಯ್ತು ಝಿಪಾರ್? ಪಂಪಾ?” ಎಂಜಿನ್ ಆರಿಸದೆ ಕೆಳಗಿಳಿದ. ಈ ಎತ್ತರದಲ್ಲಿ ಯಾರೂ ಎಂಜಿನ್ ಆರಿಸುವುದಿಲ್ಲ.

“ಬೈಕೆ, ನಿಮ್ಮ ಟ್ಯಾಂಕಿಂದ ಒಂದು ಬಾಟ್ಲಿ ಎಣ್ಣೆ ಕೊಡಿ.”

“ಅದ್ಯಾಕೆ? ಹಗ್ಗ ಕಟ್ತೀನಿ, ಎಳ್ಕೊಂಡು ಹೋಗೋಣ.”

ಅವಳು ಕಾಯಲಿಲ್ಲ. ಅವನ ಚಹಾದ ಗಾಜಿನ ಬಾಟಲಿಯನ್ನು ಕ್ಯಾಬಿನ್ನಿನಿಂದ ಎತ್ತಿ ಚಹಾ ಚೆಲ್ಲಿ ಒರೆಸಿ, ರಬ್ಬರ್ ಪೈಪು ಟ್ಯಾಂಕಿಗಿಳಿಸಿ ಬಾಯಲ್ಲಿ ಎಳೆದು ತುಂಬಿಸಿದಳು. ಎರಡನೆಯ ಬಾಟಲಿಯನ್ನು ಮೊದಲನೆಯದರ ಪಕ್ಕ ನೆಟ್ಟಳು. ಇಬ್ಬರೂ ನಿಂತು ನೋಡಿದರು. ಹೊತ್ತು ಕಳೆಯಿತು. ಅವನ ಎಣ್ಣೆಯ ಮೂಲಕ ಆಚೆಯ ಬೆಟ್ಟ ಕಾಣುತ್ತಿತ್ತು.

“ಡಿಪೋದವ್ರು ಅರ್ಧಕ್ಕರ್ಧ ಚಳಿಗಾಲದ್ದು ಬೆರೆಸಿದ್ದೀವಿ ಅಂದ್ರು, ಹೆಪ್ಪುಗಟ್ಟದ ಹಾಗೆ ಸೀಮೆಎಣ್ಣೆ ಹಾಕಿದ್ದೀವಿ ಅಂದ್ರು,” ಎಂದ ಮಾಮಿರ್. “ಇಷ್ಟು ಚಳಿ ಇರಲ್ಲ ಅಂತಾನೂ ಅಂದ್ರು.”

“ಹಂಗಾದ್ರೆ ನಿಮ್ಮ ಟ್ಯಾಂಕಿಗೆ ಯಾಕೆ ಒಳ್ಳೇದು ಹಾಕಿದ್ರು?”

ಅವನು ಬಾಟಲಿಗಳಿಂದ ಮುಖ ತಿರುಗಿಸಿದ.

“ಹನ್ನೊಂದು ದಿನ, ಝಿಪಾರ್. ಗಣಿ ಮುಚ್ತೀವಿ ಅಂತಿದ್ರು. ಎಲ್ಲಾರ ಒಲೇನೂ ಆರೋದು. ಯಾರಾದ್ರೂ ಒಬ್ರು ಬಗ್ಗಲೇಬೇಕಿತ್ತು.”

“ನೀವು ಬಗ್ಗಿಲ್ಲ ಬೈಕೆ. ನಮ್ಮನ್ನ ಬಗ್ಗಿಸಿದ್ರಿ. ಬಾಟ್ಲಿ ಇಡೋದು ಕಲಿಸಿದ ಕೈಲೇ ಬಾಟ್ಲಿ ಕಿತ್ಕೊಂಡ್ರಿ. ನನ್ನನ್ನ ಮುಂದೆ ಬಿಟ್ಟು ಆ ಹದಿನೆಂಟು ಜನರನ್ನ ಕರ್ಕೊಂಡು ಬಂದ್ರಿ. ಕುರಿಮಂದೆ ಮುಂದೆ ಒಂದು ಆಡು ಬಿಡ್ತಾರಲ್ಲ, ಕಸಾಯಿಖಾನೆಗೆ ಕರ್ಕೊಂಡು ಹೋಗೋಕೆ, ಆ ಆಡು ಮಾಡಿದ್ರಿ ನನ್ನ.”

ಎರಡು ಬಾಟಲಿ ಎತ್ತಿಕೊಂಡು ಅವಳು ಅವನ ಟ್ರಕ್ಕು ಹತ್ತಿ ಸ್ಟಿಯರಿಂಗಿನ ಹಿಂದೆ ಕೂತಳು.

“ಏ, ಏನ್ ಮಾಡ್ತಿದ್ದೀಯ? ಅದು ನನ್ನ ಗಾಡಿ!”

“ಹತ್ತೋದಾದ್ರೆ ಆ ಕಡೆಯಿಂದ ಹತ್ತಿ. ಇಲ್ಲಾಂದ್ರೆ ನನ್ನ ಗಾಡೀಲಿ ಕೂತ್ಕೊಳ್ಳಿ, ಅದು ತಣ್ಣಗಿದೆ.”

ಅವನು ಆ ಕಡೆಯಿಂದ ಹತ್ತಿದ.

ತಿರುವಿನ ಅಗಲದಲ್ಲಿ ಹಿಂದೆ ಮುಂದೆ ಮಾಡಿ ಅವಳು ಟ್ರಕ್ಕನ್ನು ತಿರುಗಿಸಿದಳು. ಇಳಿಜಾರಿನುದ್ದಕ್ಕೂ ಅವನು ಏನೇನೋ ಹೇಳಿದ. ಅವಳ ಗಂಡನ ಹೆಸರು ಹೇಳಿದ, ಗಣಿ ಕಚೇರಿಯಲ್ಲಿ ಹೊಸದಾಗಿ ಕೆಲಸ ಸಿಕ್ಕಿದ ತನ್ನ ಮಗಳ ಹೆಸರು ಹೇಳಿದ. ಅವಳು ಬ್ರೇಕಿನ ಸದ್ದನ್ನಷ್ಟೇ ಕೇಳುತ್ತಿದ್ದಳು. ಗುಡಿಸಲಿನ ಮುಂದೆ ರಸ್ತೆಗೆ ಅಡ್ಡಲಾಗಿ ಟ್ರಕ್ಕು ನಿಲ್ಲಿಸುವ ಹೊತ್ತಿಗೆ ಮೊದಲ ಟ್ರಕ್ಕು ಕೆಳಗಿನ ತಿರುವು ಹತ್ತುತ್ತಿತ್ತು.

ತಿನಾಯ್ ಎಂಬ ಹರೆಯದ ಚಾಲಕ ಹಾರನ್ ಬಾರಿಸುತ್ತಲೇ ಇಳಿದ. ಅವನಿಗೆ ಅವಳು ಎಜೆ, ಅಂದರೆ ಅಕ್ಕ. “ಏನ್ ಎಜೆ, ರಸ್ತೆ ನಿಮ್ಮಪ್ಪಂದಾ? ಬೈಕೆ ಗಾಡಿ ಕದ್ಕೊಂಡು ಬಂದ್ರಾ?”

ಅವಳು ಎರಡೂ ಬಾಟಲಿಗಳನ್ನು ಬಂಪರಿನ ಮೇಲಿಟ್ಟಳು. ತಿನಾಯ್ ನಕ್ಕವನು ಬೆಳ್ಳಗಿದ್ದುದನ್ನು ಬೆರಳಲ್ಲಿ ಮುಟ್ಟಿದ.

“ಇದ್ಯಾರ್ದು?”

“ನಂದು. ನಿಂದೂ ಇದೇ. ಹೋಗಿ ಹಿಡ್ಕೊಂಡು ಬಾ.”

“ಮತ್ತೆ ಆ ತಿಳಿ ಇರೋದು?”

ಅವಳು ಟ್ರಕ್ಕಿನ ಕಡೆ ಕೈ ತೋರಿಸಿದಳು. ಕ್ಯಾಬಿನ್ನಿನ ಗಾಜಿನ ಹಿಂದೆ ಮಾಮಿರ್ ಬೈಕೆ ತಲೆ ತಗ್ಗಿಸಿ ಕೂತಿದ್ದ.

ಟ್ರಕ್ಕುಗಳು ಬಂದು ಸಾಲಾಗಿ ನಿಂತವು. ಒಬ್ಬೊಬ್ಬರೂ ಇಳಿದು, ಸಿಕ್ಕಿದ ಬಾಟಲಿ, ಜಾಡಿ, ಮಗುವಿನ ಹಾಲಿನ ಸೀಸೆ, ಹೀಗೆ ಕೈಗೆ ಬಂದದ್ದರಲ್ಲಿ ತಮ್ಮ ಎಣ್ಣೆ ಹಿಡಿದು ತಂದು ಹಿಮದಲ್ಲಿ ನಿಲ್ಲಿಸಿದರು. ಒಂದೊಂದಾಗಿ ಹದಿನೆಂಟೂ ಬೆಳ್ಳಗಾದವು.

ಮುದುಕ ಚಾಲಕನೊಬ್ಬ ಕೋಟಿನ ಜೇಬಿನಿಂದ ಬೆಳಗಿನ ರೊಟ್ಟಿಯ ತುಂಡು ತೆಗೆದ. ಅವನಿಗೂ, ಉಳಿದವರಿಗೂ ಮಾಮಿರ್ ಹೀಗೇ ಆಣೆಯಿಟ್ಟು ಮುರಿದು ಕೊಟ್ಟಿದ್ದ. ರೊಟ್ಟಿಯನ್ನು ಎಸೆಯುವುದು ಪಾಪ. ಟ್ರಕ್ಕಿನ ಬಾಗಿಲು ತೆರೆದು ಮಾಮಿರನ ಮಡಿಲಿಗಿಟ್ಟ. ಅವನ ಹಿಂದೆ ತಿನಾಯ್. ಅವನ ಹಿಂದೆ ಉಳಿದವರು.

ಕೊನೆಗೆ ಝಿಪಾರ್ ತನ್ನ ಅರ್ಧ ರೊಟ್ಟಿಯನ್ನು ಇಟ್ಟಳು.

“ತಿನ್ನಿ ಬೈಕೆ,” ಎಂದಳು, “ನಾವು ಒಲೆ ಹತ್ರ ಇರ್ತೀವಿ. ನಾಳೆ ಮತ್ತೆ ಕೂರ್ತೀವಿ, ಹನ್ನೆರಡನೇ ದಿನ.”