ದರ್ಜಿ ತಿರುಗಿಸಿದ ಸಿನಿಮಾ

ನಮ್ಮ ಸೀಮೆಯಲ್ಲಿ ಸಿನಿಮಾ ಹುಟ್ಟಿದ್ದು ಒಬ್ಬ ಸಾಹುಕಾರನ ಹಠದಿಂದ, ಒಬ್ಬ ದರ್ಜಿಯ ತೋಳಿನಿಂದ. ಅದಕ್ಕೆ ತಲೆಯೂ ಖರ್ಚಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಾಹುಕಾರನಿಗೆ ಹೆಂಚಿನ ಕಾರ್ಖಾನೆಯಿತ್ತು. ಪಟ್ಟಣಕ್ಕೆ ಹೋಗಿ ಕೈಯಿಂದ ತಿರುಗಿಸುವ ಕ್ಯಾಮೆರಾ ತಂದ. ಹೇಗೆ ತಿರುಗಿಸಬೇಕೆಂದು ಕೇಳಿಕೊಂಡು ಬರಲು ಅವನ ದೊಡ್ಡಸ್ತಿಕೆ ಬಿಡಲಿಲ್ಲ.

"ಹಿಡಿ ತಿರುಗಿಸೋದು ತಾನೇ? ನಮ್ಮ ದರ್ಜಿ ಹೊಲಿಗೆ ಮಿಷನ್ನಲ್ಲಿ ದಿನಾ ಮಾಡೋದು ಇನ್ನೇನು?" ಎಂದ. ದರ್ಜಿಯೂ ಎದೆಯುಬ್ಬಿಸಿ ಬಂದು ನಿಂತ.

ಕಥೆಯಲ್ಲಿ ಮಗನನ್ನು ಕಳೆದುಕೊಳ್ಳುವ ತಾಯಿಯ ಪಾತ್ರಕ್ಕೆ ಯಾವ ಹೆಂಗಸೂ ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದ ನನ್ನ ಅಮ್ಮನನ್ನು ಎಳೆತಂದು ನಿಲ್ಲಿಸಿದರು. ಹಿಂದಿನ ವರ್ಷ ನನ್ನ ತಮ್ಮ ಜ್ವರದಲ್ಲಿ ತೀರಿಕೊಂಡಾಗ ಅಮ್ಮ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ, ಒಣಹಾಕಿದ ಹೆಂಚುಗಳ ನಡುವೆ ಸತ್ತಂತೆ ಮಲಗಿದ್ದ ಸಾಹುಕಾರನ ಅಳಿಯನನ್ನು ತಬ್ಬಿಕೊಂಡು ಎದೆ ಬಿರಿಯುವಂತೆ ಅತ್ತಳು. ಆ ಹೆಣವೋ, ನಡುನಡುವೆ ಮೂಗು ಕೆರೆದುಕೊಳ್ಳುತ್ತಿತ್ತು. ದರ್ಜಿಗೆ ದಪ್ಪ ಬಟ್ಟೆಗೆ ಜೋರು ಕೈ, ನಾಜೂಕು ಬಟ್ಟೆಗೆ ನಿಧಾನದ ಕೈ. ಅಳು ನಾಜೂಕಿನ ಕೆಲಸವೆಂದು ಹಿಡಿಯನ್ನು ಮೆಲ್ಲಮೆಲ್ಲಗೆ ತಿರುಗಿಸಿದ.

ಉಗ್ರಾಣದ ಕಿಟಕಿಗಳಿಗೆ ಗೋಣಿ ಹೊದಿಸಿ ಸಿನಿಮಾ ತೋರಿಸಿದರು. "ನಾನು ಅತ್ತಿದ್ದು ನಮ್ಮ ಹುಡುಗನಿಗೋಸ್ಕರ ಕಣೇ. ಒಂದ್ಸಲ ನೋಡ್ಬೇಕು" ಎಂದು ನನಗೆ ಹೇಳಿ ಅಮ್ಮ ಮುಂದಿನ ಸಾಲಿನಲ್ಲಿ ಕೂತಳು.

ಮೆಲ್ಲಗೆ ತಿರುಗಿಸಿ ಹಿಡಿದದ್ದನ್ನು ಜೋರಾಗಿ ತಿರುಗಿಸಿ ತೋರಿಸಿದರೆ ಪರದೆಯ ಮೇಲೆ ಓಡುತ್ತದೆಂದು ನಮ್ಮ ಯಾವ ಬುದ್ಧಿವಂತನಿಗೆ ಗೊತ್ತಿತ್ತು? ಅಮ್ಮ ಕಾಳು ಹೆಕ್ಕುವ ಕೋಳಿಯಂತೆ ತಲೆ ಕುಣಿಸಿದಳು, ಪಟಪಟನೆ ಎದೆ ಬಡಿದುಕೊಂಡಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಜನ್ಮಕ್ಕಿಷ್ಟು.

"ನೋಡಿದ್ರಾ, ಹೇಗೆ ನಗಿಸ್ಬಿಟ್ಟೆ!" ಎಂದು ಸಾಹುಕಾರ ಮೀಸೆ ತಿರುವಿದ. ಅವನ ದುಃಖದ ಕಥೆ ಅಲ್ಲೇ ಹಾಸ್ಯದ ಕಥೆಯಾಯಿತು. "ಇನ್ನೊಂದ್ಸಲ! ಅಳೋದು ಇನ್ನೊಂದ್ಸಲ!" ಎಂದು ಜನ ಕೂಗಿದರು. ಅಮ್ಮ ಮುಖ ಮುಚ್ಚಿಕೊಂಡು ಬಾಗಿಲ ಕಡೆ ನಡೆದಳು.

ನನಗೆ ಮೈಯೆಲ್ಲ ಉರಿಯಿತು. ಅಮ್ಮ ಅತ್ತ ದಿನ ದರ್ಜಿಯ ಪಕ್ಕದಲ್ಲೇ ನಿಂತು ಅವನ ಕೈ ನೋಡಿದ್ದೆ. ಚಿತ್ರ ತೋರಿಸುವ ಯಂತ್ರಕ್ಕೂ ಒಂದು ಹಿಡಿ ಇತ್ತು; ಅದನ್ನೂ ದರ್ಜಿಯೇ ತಿರುಗಿಸುತ್ತಿದ್ದ. ಅವನು ಸುರುಳಿಯನ್ನು ಮತ್ತೆ ಏರಿಸಿದೊಡನೆ ಹೋಗಿ, "ದರ್ಜಿಯಣ್ಣ, ಕೈ ತೆಗಿ" ಎಂದು ಅವನನ್ನು ಪಕ್ಕಕ್ಕೆ ತಳ್ಳಿದೆ. ಅವನು ಅಂದು ತಿರುಗಿಸಿದಷ್ಟೇ ನಿಧಾನವಾಗಿ ತಿರುಗಿಸಿದೆ.

ಪರದೆ ಮಿಣುಕಿತು. ಅಮ್ಮನ ಕೈ ಮೆಲ್ಲಗೆ ಮೇಲೆದ್ದು ಎದೆಯ ಮೇಲೆ ಬಿತ್ತು. ಬಾಯಿ ತೆರೆಯಿತು, ಎಷ್ಟೋ ಹೊತ್ತು ಮುಚ್ಚಲಿಲ್ಲ. ನಗು ಒಂದೊಂದಾಗಿ ನಿಂತಿತು.

"ಏಯ್, ಜೋರಾಗಿ ತಿರುಗ್ಸೇ! ಜನ ನಗ್ಬೇಕು!" ಎಂದು ಸಾಹುಕಾರ ಅರಚಿದ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಮುಖದಿಂದ ಕೈ ತೆಗೆದಳು.

"ಸುಮ್ನಿರಿ ಸಾಹುಕಾರ್ರೇ," ಎಂದಳು. "ನನ್ನ ಮಗ ಸತ್ತಿದ್ದಾನೆ."