ಡೋಲಿನಾಳ ಭಾನುವಾರಗಳು

ನನ್ನ ಅಣ್ಣ ಫಿನ್ಲೇ ತನ್ನ ಮಗಳು ಮೈದಾನಕ್ಕಿಳಿದು ಆಡಿದ್ದನ್ನು ಮೊದಲ ಸಲ ನೋಡಿದಾಗ ಅವಳಿಗೆ ಇಪ್ಪತ್ತನಾಲ್ಕು ತುಂಬಿತ್ತು. ಅಷ್ಟು ಹೊತ್ತಿಗೆ ಗ್ಲಾಸ್ಗೋದ ಫುಟ್‌ಬಾಲ್ ಹುಚ್ಚಿನವರೆಲ್ಲ ಅವಳನ್ನು ನೋಡಿಯಾಗಿತ್ತು. ಹೆತ್ತ ತಂದೆ ಮಾತ್ರ ನೋಡಿರಲಿಲ್ಲ.

ಹಾಗೆಂದು ಅವನು ಕಲ್ಲುಮನಸ್ಸಿನವನಲ್ಲ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಉತ್ತರದ ತುದಿಯಲ್ಲಿ, ನೆಸ್‌ನಲ್ಲಿ, ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಮಗ್ಗ ಹೂಡಿ ಉಣ್ಣೆಬಟ್ಟೆ ನೇಯುವವನು. ನಮ್ಮ ಚರ್ಚಿನಲ್ಲಿ ವಾದ್ಯಗಳಿಲ್ಲ. ಒಬ್ಬ ಕೀರ್ತನೆಯ ಸಾಲೆತ್ತಿಕೊಡುತ್ತಾನೆ, ಸಭೆ ಅವನ ಹಿಂದೆ ಹಾಡುತ್ತದೆ. ಮೂವತ್ತು ವರ್ಷಗಳಿಂದ ಆ ಸಾಲೆತ್ತುವವನು ಫಿನ್ಲೇ. ಭಾನುವಾರ ಕರ್ತನ ದಿನ, ಕೆಲಸವೂ ಇಲ್ಲ, ಆಟವೂ ಇಲ್ಲ. ಆಲೂಗಡ್ಡೆಯ ಸಿಪ್ಪೆ ಶನಿವಾರವೇ ತೆಗೆದಿಡಬೇಕು, ಒಣಹಾಕುವ ಹಗ್ಗದ ಮೇಲೆ ಒಂದು ಕಾಲುಚೀಲವೂ ಇರಕೂಡದು. ನಾನು ಚಿಕ್ಕವಳಿದ್ದಾಗ ಮಕ್ಕಳ ಉಯ್ಯಾಲೆಯನ್ನು ಕೂಡ ಆ ದಿನ ಕಟ್ಟಿಹಾಕುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ ನರ್ಸ್ ಕೆಲಸ ಕಲಿಯಲು ಗ್ಲಾಸ್ಗೋಗೆ ಬಂದ ಮೇಲೆ ನಾನು ಸಡಿಲವಾದೆ. ಅಣ್ಣನಿಗೆ ಅದು ಗೊತ್ತು. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡೋಲಿನಾ ಅವನ ಒಬ್ಬಳೇ ಮಗಳು. ಸಮುದ್ರದ ಪಕ್ಕದ ಬಯಲಲ್ಲಿ ಹುಡುಗರ ಜೊತೆ ಬೆಳೆದವಳು. ನಮ್ಮಲ್ಲಿನ ಗಾಳಿಗೆ ಚೆಂಡನ್ನು ಮೇಲೆ ಒದ್ದರೆ ಅದು ವಾಪಸ್ಸು ಬರುವ ಭರವಸೆಯಿಲ್ಲ. ಅದಕ್ಕೇ ಅವಳು ಚೆಂಡನ್ನು ನೆಲ ಬಿಡಿಸದೆ ಆಡುವುದನ್ನು ಕಲಿತಳು. ಹದಿನಾರು ತುಂಬಿದಾಗ ಇನ್ವರ್ನೆಸ್‌ನಲ್ಲಿ ನಡೆದ ಶಾಲೆಗಳ ಪಂದ್ಯದಲ್ಲಿ ಗ್ಲಾಸ್ಗೋದ ಕಾರ್ಟ್‌ಸೈಡ್ ತಂಡದ ಕೋಚ್ ರೋಡಾ ಬೋಯ್ಡ್ ಅವಳನ್ನು ಕಂಡು, ಶಾಲೆ ಮುಗಿಯುತ್ತಲೇ ನಮ್ಮಲ್ಲಿಗೆ ಬಾ ಎಂದು ಕಾಗದ ಬರೆದಳು.

ಆ ಬೇಸಿಗೆ ನಾನು ರಜೆಗೆ ಊರಿಗೆ ಹೋಗಿದ್ದೆ. ಡೋಲಿನಾ ಕಾಗದ ಹಿಡಿದು ಕೊಟ್ಟಿಗೆಗೆ ಹೋದಾಗ, ಒಬ್ಬಳಿಗೆ ಧೈರ್ಯ ಸಾಲದು ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಫಿನ್ಲೇ ಕಾಗದವನ್ನು ಎರಡು ಸಲ ಓದಿದ. ಆಟ ಯಾವ ದಿನ ಎಂದು ಕೇಳಿದ.

“ಭಾನುವಾರ, ಅಪ್ಪ. ಹೆಂಗಸರ ಲೀಗೆಲ್ಲ ಭಾನುವಾರಾನೇ. ಶನಿವಾರ ಮೈದಾನ ಗಂಡಸರಿಗೆ.”

ಅವನು ಮತ್ತೆ ಮಗ್ಗಕ್ಕೆ ಕೂತು ಒಂದು ಗಜದಷ್ಟು ನೇಯ್ದ. ನಾವು ನಿಂತೇ ಇದ್ದೆವು. ಆಮೇಲೆ ಪೆಡಲಿನಿಂದ ಕಾಲು ತೆಗೆದ.

“ನಾನು ಬೇಡ ಅಂದ್ರೆ ನೀನು ನಿಲ್ತೀಯ, ಗೊತ್ತು. ಆದ್ರೆ ಆಮೇಲೆ ನನ್ನ ಮುಖ ನೋಡಿದಾಗೆಲ್ಲ ನಿನಗೆ ಅದೇ ಕಾಣತ್ತೆ. ನನಗದು ಬೇಡ. ಹೋಗು. ಆದ್ರೆ ಮಾಡ್ತಿರೋದು ಸರಿ ಅಂತ ಮಾತ್ರ ನನ್ನ ಬಾಯಿಂದ ಹೇಳಿಸ್ಬೇಡ.”

“ಹೇಳಿ ಅಂತ ನಾನು ಕೇಳಲ್ಲ, ಅಪ್ಪ,” ಅಂದಳು ಡೋಲಿನಾ.

ಹೀಗೆ ಹದಿನೇಳಕ್ಕೆ ಅವಳು ಕ್ಯಾತ್‌ಕಾರ್ಟ್‌ನಲ್ಲಿದ್ದ ನನ್ನ ಮೂರನೆಯ ಮಹಡಿಯ ಮನೆಗೆ ಬಂದಳು. ಬೆಳಿಗ್ಗೆ ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಸಂಜೆ ಅಭ್ಯಾಸ. ಆಗ ತಂಡದಲ್ಲಿ ಯಾರಿಗೂ ಸಂಬಳವಿರಲಿಲ್ಲ. ಒಬ್ಬಳು ಬಸ್ ಓಡಿಸುತ್ತಿದ್ದಳು, ಗೋಲ್‌ಕೀಪರ್ ಶಾರ್ಲೀನ್ ಕಟಿಂಗ್ ಅಂಗಡಿಯಲ್ಲಿದ್ದಳು. ಗ್ಲಾಸ್ಗೋ ಹುಡುಗಿಯರ ನಾಲಿಗೆ ಬಲು ಹರಿತ. ಮೊದಲ ದಿನವೇ ಶಾರ್ಲೀನ್, ನಿಮ್ಮ ದ್ವೀಪಕ್ಕೆ ಕರೆಂಟ್ ಬಂದಿದೆಯೇನೇ ಎಂದು ಎಲ್ಲರೆದುರು ಕೇಳಿದಳಂತೆ.

“ಬಂದಿದೆ. ಅದಕ್ಕೇ ನಿಮ್ಮ ಡಿಫೆನ್ಸ್‌ನ ಟೀವೀಲಿ ನೋಡಿ ನಗಕ್ಕಾಯ್ತು,” ಎಂದಳಂತೆ ನಮ್ಮ ಹುಡುಗಿ. ಆ ದಿನದಿಂದ ಇಬ್ಬರೂ ಜೀವದ ಗೆಳತಿಯರು.

ನಾನು ನೋಡಿದ ಮೊದಲ ಪಂದ್ಯದ ದಿನ ಹಿಮ ಬೆರೆತ ಮಳೆ. ಪ್ರೇಕ್ಷಕರು ನಲವತ್ತು ಜನ, ಒಂದು ನಾಯಿ. ಬೆಳಿಗ್ಗೆ ಡೋಲಿನಾ ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ನಮ್ಮ ದ್ವೀಪದ ಗೇಲಿಕ್ ಭಾಷೆಯಲ್ಲಿ ಒಂದು ಕೀರ್ತನೆ ಓದಿ, ಪುಸ್ತಕ ಮಡಚಿ, ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡಳು. ಎರಡು ದೋಣಿಯಲ್ಲಿ ಕಾಲಿಡ್ತೀಯೇನೇ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ.

“ಅಪ್ಪ ನಂಬೋದನ್ನ ನಾನು ಬಿಟ್ಟಿಲ್ಲ, ಅತ್ತೆ. ಒಂದು ದಿನವನ್ನ ಬಿಟ್ಟೆ. ಅದರ ಭಾರ ನಂದು, ನಾನೇ ಹೊರ್ತೀನಿ.”

ಎಡಗಡೆಯ ಡಿಫೆಂಡರ್ ಅವಳು. ಗೋಲು ಹೊಡೆಯುವವರ ಹೆಸರನ್ನು ಎಲ್ಲರೂ ಕೂಗುತ್ತಾರೆ, ತಡೆಯುವವರನ್ನು ಯಾರೂ ಗಮನಿಸುವುದಿಲ್ಲ. ಆದರೆ ಎರಡು ವರ್ಷ ಕಳೆಯುವುದರೊಳಗೆ ಎದುರಾಳಿಗಳು ಚೆಂಡನ್ನು ಅವಳಿದ್ದ ಕಡೆಗೆ ತರುವುದನ್ನೇ ಬಿಟ್ಟು, ಬಳಸಿಕೊಂಡು ಇನ್ನೊಂದು ಬದಿಯಿಂದ ಬರತೊಡಗಿದ್ದರು. ಅವಳಿಗೆ ಇಪ್ಪತ್ತೊಂದಾದ ವರ್ಷ ಕಾರ್ಟ್‌ಸೈಡ್ ತನ್ನ ಆಟಗಾರ್ತಿಯರಿಗೆ ಸಂಬಳ ಗೊತ್ತುಮಾಡಿತು. ಕರಾರಿಗೆ ಸಹಿ ಹಾಕಿದವಳು ಮಾರನೆಯ ದಿನ ಆಸ್ಪತ್ರೆಗೆ ಬಂದು, ಜೊತೆಯಲ್ಲಿ ಬಟ್ಟೆ ಒಗೆದ ಹೆಂಗಸರಿಗೆಲ್ಲ ಕೇಕ್ ಹಂಚಿ ಹೋದಳು. ಊರಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ರೇಚೆಲ್ ಅತ್ತಿಗೆ ಎಲ್ಲ ಕೇಳುತ್ತಿದ್ದಳು. ಫಿನ್ಲೇ ಬಂದು ಹವೆಯ ವಿಷಯ, ಕುರಿಗಳ ವಿಷಯ ಹೇಳಿ ಫೋನ್ ಕೊಟ್ಟುಬಿಡುತ್ತಿದ್ದ.

ಮುಂದಿನ ವರ್ಷ ಅಕ್ಟೋಬರಿನಲ್ಲಿ, ಅಭ್ಯಾಸದ ವೇಳೆ, ಯಾರೂ ಮುಟ್ಟದೆಯೇ ಅವಳ ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ನಾನು ಮೂವತ್ತು ವರ್ಷ ವಾರ್ಡ್ ನೋಡಿದವಳು. ಫೋನಿನಲ್ಲಿ ಶಾರ್ಲೀನಳ ದನಿ ಕೇಳಿದಾಗಲೇ ಇದು ಸಣ್ಣದಲ್ಲ ಎಂದು ತಿಳಿಯಿತು. ಶಸ್ತ್ರಚಿಕಿತ್ಸೆ ಆಯಿತು. ಒಂಬತ್ತು ತಿಂಗಳು ಆಟವಿಲ್ಲ, ಆಮೇಲೂ ಹೇಳಲಾಗದು ಎಂದರು ಡಾಕ್ಟರು. ಡಿಸೆಂಬರಿನಲ್ಲಿ ನಾನೇ ಅವಳನ್ನು ಊರುಗೋಲಿನ ಸಮೇತ ಹಡಗು ಹತ್ತಿಸಿ ಊರಿಗೆ ಕರೆದುಕೊಂಡು ಹೋದೆ.

ಆ ಭಾನುವಾರ ಅವಳು ಚರ್ಚಿಗೆ ಬರುತ್ತೇನೆಂದಳು. ಐದು ವರ್ಷದಿಂದ ಆ ದಿನ ಅವಳು ಅಲ್ಲಿ ಕೂತಿರಲಿಲ್ಲ. ಊರುಗೋಲಿನ ಸದ್ದಿಗೆ ಸಾಲು ಸಾಲು ತಲೆಗಳು ತಿರುಗಿದವು. ಫಿನ್ಲೇ ಎದ್ದು ನಿಂತು ಎಂದಿನಂತೆ ಸಾಲೆತ್ತಿದ. ದನಿ ನಡುಗಲಿಲ್ಲ.

ಆರಾಧನೆ ಮುಗಿದು ಹೊರಗೆ ಬಂದಾಗ ಬಾಗಿಲ ಬಳಿ ಗಂಡಸರು ನಿಂತಿದ್ದರು. ಅವರಲ್ಲಿ ರಾಡರಿಕ್ ಎಂಬ ಸಭೆಯ ಹಿರಿಯ. ಅವನು ಡೋಲಿನಾಳ ಕಡೆ ನೋಡದೆ, ಆದರೆ ಅವಳಿಗೆ ಕೇಳುವ ಹಾಗೆ, “ಕರ್ತನ ದಿನವನ್ನ ತುಳಿದ ಕಾಲನ್ನ ಕರ್ತನೇ ನೋಡ್ಕೊಳ್ತಾನೆ,” ಎಂದ.

ಹುಡುಗಿಯ ಮುಖ ಬಿಳಿಚಿಕೊಂಡಿತು. ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಟೊಪ್ಪಿ ಹಾಕಿಕೊಳ್ಳುತ್ತಿದ್ದ ಫಿನ್ಲೇ ಅದನ್ನು ಕೈಯಲ್ಲೇ ಹಿಡಿದು ತಿರುಗಿದ.

“ರಾಡರಿಕ್, ಅವಳ ಮೊಣಕಾಲು ಹರಿದದ್ದು ಬುಧವಾರ.”

“ಅದಕ್ಕೇನೀಗ?”

“ದೇವರಿಗೆ ವಾರದ ಲೆಕ್ಕ ಗೊತ್ತು ಅಂತ ನಾನು ನಂಬಿದ್ದೀನಿ. ಐದು ವರ್ಷದ ಭಾನುವಾರಗಳನ್ನೆಲ್ಲ ಸುಮ್ನೆ ಬಿಟ್ಟು, ಒಂದು ಬುಧವಾರ ಹುಡುಕ್ಕೊಂಡು ಬರೋನಲ್ಲ ಅವನು.”

ಯಾರೋ ನಗು ಮುಚ್ಚಲು ಕೆಮ್ಮಿದರು. ಫಿನ್ಲೇ ನಗಲಿಲ್ಲ. “ಅವಳ ಭಾನುವಾರಗಳ ಬಗ್ಗೆ ನನಗೂ ನೋವಿದೆ. ಆ ನೋವು ನನ್ನ ಮನೇದು. ಅದರಲ್ಲಿ ನಿನಗೆ ಪಾಲಿಲ್ಲ,” ಎಂದು ಟೊಪ್ಪಿ ಹಾಕಿಕೊಂಡು ಮಗಳಿಗೆ ತೋಳು ಕೊಟ್ಟ. ಗಾಳಿಗೆ ಎದುರಾಗಿ ಅವರಿಬ್ಬರೂ ಮನೆಯವರೆಗೆ ಮೆಲ್ಲಗೆ ನಡೆದರು. ಅತ್ತಿಗೆಯೂ ನಾನೂ ಹಿಂದಿನಿಂದ ಹೋದೆವು. ಹಿಂದಿನ ದಿನ ಬೇಯಿಸಿದ್ದ ಕುರಿಮಾಂಸ, ಆಲೂಗಡ್ಡೆ ತಿಂದೆವು.

ಸೋಮವಾರ ಬೆಳಿಗ್ಗೆ ಫಿನ್ಲೇ ಅವಳನ್ನು ಕೊಟ್ಟಿಗೆಗೆ ಕರೆದು, ಆ ಮೈದಾನದಲ್ಲಿ ನೀನು ಮಾಡುವ ಕೆಲಸವಾದರೂ ಏನು ಎಂದು ಕೇಳಿದ. ಅವಳು ನೂಲಿನ ಉಂಡೆಗಳನ್ನು ನೆಲದ ಮೇಲೆ ಜೋಡಿಸಿ, ಇದು ನಾನು, ಇದು ಶಾರ್ಲೀನ್, ಇವರು ಎದುರಾಳಿಗಳು ಎಂದು ತೋರಿಸಿದಳು. ಅವನು ಬಗ್ಗಿ ಬಹಳ ಹೊತ್ತು ನೋಡಿದ.

“ಹಾಗಾದ್ರೆ ನೀನು ಗೋಲು ಹೊಡಿಯಲ್ಲ.”

“ಇಲ್ಲ, ಅಪ್ಪ. ಹೊಡಿಯೋಕೆ ಬಿಡಲ್ಲ.”

ಅದು ಅವನಿಗೆ ಹಿಡಿಸಿತು. ಮಧ್ಯಾಹ್ನ ಅತ್ತಿಗೆಗೆ ಅದನ್ನೇ ಎರಡು ಸಲ ಹೇಳಿದ.

ಅವಳು ಹತ್ತು ವಾರ ಊರಲ್ಲಿದ್ದಳು. ದಿನವೂ ಅಪ್ಪ ಮಗಳು ಸಮುದ್ರದಂಚಿನ ದೀಪಸ್ತಂಭದವರೆಗೆ ನಡೆದು ಬರುತ್ತಿದ್ದರು. ಮೊದಲು ಊರುಗೋಲಲ್ಲಿ, ಆಮೇಲೆ ಅದಿಲ್ಲದೆ ಬರಿಗೈಯಲ್ಲಿ. ಕೊನೆಯ ವಾರ ಅವಳು ಬೇಗ ನಡೆದು ಅವನನ್ನು ಹಿಂದೆ ಬಿಟ್ಟಳಂತೆ. ಆಗ ಅವನು ಕೂಗಿ ನಿಲ್ಲಿಸಲಿಲ್ಲವಂತೆ. ಗ್ಲಾಸ್ಗೋಗೆ ಮರಳಿದವಳು ಆಗಸ್ಟಿನಲ್ಲಿ ಮತ್ತೆ ಮೈದಾನಕ್ಕಿಳಿದಳು. ಹೆದರಿ ಆಡುತ್ತಾಳೇನೋ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಹತ್ತು ನಿಮಿಷದೊಳಗೆ ಆ ಬಲಗಾಲನ್ನೇ ಚಾಚಿ ಚೆಂಡು ಕಸಿದಳು. ನಾನು ಪಕ್ಕದವರ ಕಾಫಿ ಚೆಲ್ಲಿದೆ.

ಇಪ್ಪತ್ತನಾಲ್ಕಕ್ಕೆ ಸ್ಕಾಟ್ಲೆಂಡ್ ತಂಡದಿಂದ ಕರೆ ಬಂತು. ಐಸ್‌ಲೆಂಡ್ ಎದುರು, ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನದಲ್ಲಿ. ಅವಳು ಊರಿಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: “ಮಂಗಳವಾರ, ಅಪ್ಪ.”

“ಹಡಗು ಹೊರಟ್ರೆ ಬರ್ತೀನಿ,” ಎಂದ ಫಿನ್ಲೇ.

ಸೋಮವಾರ ಬಿರುಗಾಳಿ. ಬೆಳಗಿನ ಹಡಗು ರದ್ದಾಯಿತು. ಮಧ್ಯಾಹ್ನದ ಹಡಗು ಹೊರಟಿತಾದರೂ ಅತ್ತಿಗೆ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ಮಂಗಳವಾರ ಮಧ್ಯಾಹ್ನ ಇಬ್ಬರೂ ನನ್ನ ಮನೆಯ ಮೆಟ್ಟಿಲು ಹತ್ತಿ ಬಂದಾಗ ಅಣ್ಣ ಚರ್ಚಿಗೆ ಹೋಗುವ ಕರಿ ಸೂಟಿನಲ್ಲಿದ್ದ. ಫುಟ್‌ಬಾಲಿಗೆ ಈ ಉಡುಪು ಯಾರೂ ಹಾಕಲ್ಲ ಎಂದೆ. ನನ್ನ ಹತ್ತಿರ ಇದಕ್ಕಿಂತ ಒಳ್ಳೆಯದು ಇಲ್ಲ ಎಂದ.

ರಾಷ್ಟ್ರಗೀತೆಗೆ ಸಾವಿರಾರು ಜನ ಎದ್ದು ಹಾಡಿದರು. ಸಾಲಿನಲ್ಲಿ ನೀಲಿ ಅಂಗಿ ತೊಟ್ಟು ಡೋಲಿನಾ ನಿಂತಿದ್ದಳು. ಫಿನ್ಲೇ ನನ್ನ ಕಿವಿಗೆ ಬಾಗಿ, ಹಾಡೆತ್ತಿದವನು ಶ್ರುತಿ ತೀರಾ ಮೇಲೆ ಎತ್ತಿಬಿಟ್ಟ, ಜನ ಪಾಪ ಒದ್ದಾಡುತ್ತಿದ್ದಾರೆ ಎಂದ.

ನಮ್ಮವರು ಮೊದಲರ್ಧದಲ್ಲೇ ಒಂದು ಗೋಲು ಹೊಡೆದರು. ಆಮೇಲೆ ಪೂರ್ತಿ ತಡೆಯುವ ಕೆಲಸ. ಫಿನ್ಲೇ ಚೆಂಡನ್ನು ನೋಡಲೇ ಇಲ್ಲ, ಮಗಳನ್ನೇ ನೋಡುತ್ತಿದ್ದ. ಮುಗಿಯಲು ಎರಡು ನಿಮಿಷವಿದ್ದಾಗ ಚೆಂಡು ಕಸಿದುಕೊಂಡ ಐಸ್‌ಲೆಂಡಿನ ಉದ್ದ ಕಾಲಿನ ಹುಡುಗಿಯೊಬ್ಬಳು ಖಾಲಿ ಜಾಗಕ್ಕೆ ನುಗ್ಗಿದಳು. ಡೋಲಿನಾ ಆಗ ಮೈದಾನದ ಇನ್ನೊಂದು ಅರ್ಧದಲ್ಲಿದ್ದಳು. ತಿರುಗಿ ಓಡಿದಳು. ಸಿಗುವುದಿಲ್ಲ ಎಂದು ನಾನು ಕಣ್ಣು ಮುಚ್ಚಬೇಕೆಂದಿದ್ದೆ. ಆ ಹುಡುಗಿ ಒದೆಯಲು ಕಾಲೆತ್ತಿದ ಗಳಿಗೆಗೆ ಡೋಲಿನಾ ಪಕ್ಕದಿಂದ ಒದ್ದೆ ಹುಲ್ಲಿನ ಮೇಲೆ ಜಾರಿ ಬಂದು ಚೆಂಡನ್ನು ಗೆರೆಯಾಚೆ ಅಟ್ಟಿದಳು. ಮೈದಾನವೆಲ್ಲ ಎದ್ದು ನಿಂತಿತು. ಫಿನ್ಲೇ ಹಿಡಿದ ಹಿಡಿತಕ್ಕೆ ನನ್ನ ಮಣಿಕಟ್ಟು ಎರಡು ದಿನ ಕಪ್ಪಾಗಿತ್ತು.

“ಚೆಂಡನ್ನ ಮಾತ್ರ ತಗೊಂಡ್ಲು, ಪೆಗಿ. ಆ ಹುಡುಗೀನ ಮುಟ್ಲೂ ಇಲ್ಲ.”

ನಮ್ಮ ಮುಂದಿದ್ದವನೊಬ್ಬ ಮಾಂಸದ ಕಡುಬು ಕಚ್ಚುತ್ತ ಹಿಂದಕ್ಕೆ ತಿರುಗಿ, ಯಾರಪ್ಪಾ ಆ ಮೂರನೇ ನಂಬರಿನವಳು ಎಂದು ಲೋಕಾಭಿರಾಮವಾಗಿ ಕೇಳಿದ. ಫಿನ್ಲೇ ಎದ್ದು ನಿಂತು ಟೊಪ್ಪಿ ತೆಗೆದ.

“ನನ್ನ ಮಗಳು. ಡೋಲಿನಾ ಮ್ಯಾಕ್ರಿಚಿ. ನೆಸ್‌ನವಳು.”

ಆ ಮನುಷ್ಯ ಕಡುಬನ್ನು ಎಡಗೈಗೆ ಬದಲಾಯಿಸಿಕೊಂಡು ಅವನ ಕೈ ಕುಲುಕಿದ.

ಗೆದ್ದ ಮೇಲೆ ಅವಳು ಮೈಯೆಲ್ಲ ಹಸಿರು ಕಲೆಯಾಗಿ ಕಂಬಿಯ ಬಳಿ ಬಂದಳು. ಅತ್ತಿಗೆ ಅವಳ ಕೆನ್ನೆ ಸವರಿದಳು. ಫಿನ್ಲೇ ಅವಳ ಮೊಣಕಾಲನ್ನು ನೋಡಿದ, ಮುಖವನ್ನು ನೋಡಿದ. “ಒಳ್ಳೆ ಕೆಲಸ ಮಾಡ್ದೆ,” ಎಂದ. ನಮ್ಮ ದ್ವೀಪದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅಷ್ಟು ಹೊತ್ತೂ ನಗುತ್ತಿದ್ದವಳು ಆಗ ಅತ್ತಳು.

ಆಮೇಲೆ ಅವಳು ದೇಶಕ್ಕಾಗಿ ಐವತ್ತೆಂಟು ಪಂದ್ಯ ಆಡಿದಳು. ಮೂರು ವರ್ಷ ಸ್ವೀಡನ್ನಿನ ತಂಡವೊಂದರಲ್ಲಿದ್ದು ಬಂದು ಕಾರ್ಟ್‌ಸೈಡಿನ ಕ್ಯಾಪ್ಟನ್ ಆದಳು, ಎರಡು ಸಲ ಕಪ್ ಎತ್ತಿದಳು. ಎರಡೂ ಭಾನುವಾರವೇ. ಫಿನ್ಲೇ ಬರಲಿಲ್ಲ, ಟೀವಿಯನ್ನೂ ಹಾಕಲಿಲ್ಲ. ಆದರೆ ಪ್ರತಿ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಮಗ್ಗಕ್ಕೆ ಕೂರುವ ಮುಂಚೆ, ಅವಳಿಗೆ ಅವನ ಫೋನ್ ಬರುತ್ತಿತ್ತು. ಯಾರು ಎಲ್ಲಿ ನಿಂತಿದ್ದರು, ಆ ಎರಡನೇ ಗೋಲು ಹೇಗೆ ಬಿಟ್ಟಿರಿ ಎಂದು ವಿವರವಾಗಿ ಕೇಳುತ್ತಿದ್ದ.

ಮೂವತ್ತನಾಲ್ಕಕ್ಕೆ ಅವಳು ಆಟ ಬಿಟ್ಟಳು. ಕೊನೆಯ ಪಂದ್ಯಕ್ಕೆ, ಅದೂ ಭಾನುವಾರವೇ, ಮೂರು ಸಾವಿರ ಜನ ಸೇರಿದ್ದರು. ಶಾರ್ಲೀನ್ ತನ್ನ ಇಬ್ಬರು ಮಕ್ಕಳಿಗೂ ಮೂರನೇ ನಂಬರಿನ ಅಂಗಿ ತೊಡಿಸಿ ತಂದಿದ್ದಳು. ಮನೆಯವರೆಂದು ನಾನೊಬ್ಬಳೇ. ಬಟ್ಟೆ ಬದಲಿಸಿ ಹೊರಬಂದವಳಿಗೆ, ಇವತ್ತೊಂದು ದಿನವಾದರೂ ಅವನು ಬರಬಹುದಿತ್ತು ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಅಂದೆ.

“ಬಂದಿದ್ರೆ ನನಗೇ ಬೇಜಾರಾಗ್ತಿತ್ತು, ಅತ್ತೆ. ಬಂದಿದ್ರೆ ಅವರು ನನ್ನ ಅಪ್ಪ ಆಗಿರ್ತಿರ್ಲಿಲ್ಲ,” ಎಂದಳು. ಚೀಲ ಹೆಗಲಿಗೇರಿಸಿ, ಆಟೋಗ್ರಾಫಿಗೆ ಕಾದಿದ್ದ ಹುಡುಗಿಯರ ಕಡೆ ಹೋದಳು.

ಈಗ ಅವಳು ನಮ್ಮ ದ್ವೀಪದ ಪಟ್ಟಣ ಸ್ಟಾರ್ನೊವೇಯ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಹುಡುಗಿಯರ ತಂಡ ಕಟ್ಟಿದ್ದಾಳೆ. ಅವರ ಪಂದ್ಯ ಶನಿವಾರ. ಹೋದ ಬೇಸಿಗೆಯಲ್ಲಿ ನಾನು ಹೋಗಿದ್ದಾಗ ಎಪ್ಪತ್ತು ದಾಟಿದ ನನ್ನ ಅಣ್ಣ ಮೈದಾನದ ಅಂಚಿನಲ್ಲಿ ಕೋಟಿನ ಕಾಲರೆತ್ತಿ ನಿಂತಿದ್ದ. ಎಡಗಡೆಯ ಪುಟ್ಟ ಡಿಫೆಂಡರಿಗೆ, ಒಳಗೆ ಬಾ, ಇನ್ನೂ ಒಳಗೆ ಎಂದು ಕೈಬೀಸಿ ಹೇಳುತ್ತಲೇ ಇದ್ದ. ಆಚೆ ಬೆಂಚಿನಿಂದ ಡೋಲಿನಾ, “ಅಪ್ಪ, ಇಲ್ಲಿ ಕೋಚ್ ನಾನು,” ಎಂದಳು. ಅವನು ಕೈಯನ್ನು ಜೇಬಿಗೆ ಹಾಕಿಕೊಂಡ, ಎರಡೇ ನಿಮಿಷಕ್ಕೆ ಮತ್ತೆ ಶುರುಮಾಡಿದ.

ಅವತ್ತು ನಮ್ಮ ಹುಡುಗಿಯರು ನಾಲ್ಕು-ಒಂದು ಗೋಲುಗಳಿಂದ ಸೋತರು. ಮನೆಗೆ ಬಂದು ಉಪ್ಪುಮೀನು, ಆಲೂಗಡ್ಡೆ ತಿನ್ನುತ್ತ ಅಪ್ಪ ಮಗಳು ಆ ಪುಟ್ಟ ಡಿಫೆಂಡರ್ ಎಲ್ಲಿ ನಿಲ್ಲಬೇಕಿತ್ತು ಎಂದು ವಾದ ಹೂಡಿದರು. ಉಪ್ಪಿನ ಡಬ್ಬಿ, ಚಮಚಗಳೆಲ್ಲ ಆಟಗಾರರಾದವು. ಅತ್ತಿಗೆ ಎರಡು ಸಲ ಚಹಾ ಬಿಸಿ ಮಾಡಿದಳು, ಎರಡು ಸಲವೂ ಅದು ಆರಿತು.